ಒಂಬೈನೂರ ಮೂವತ್ತು ಕೋಟಿಯ ಪಂಚನಾಮೆ

ನರಗುಂದದ ಸಿದ್ದಲಿಂಗ ಒಂದು ಹಳೆಯ ಪ್ರೊಸೆಸರನ್ನು ಸೆಕೆಂಡಿಗೆ ಒಂಬೈನೂರ ಮೂವತ್ತು ಕೋಟಿ ಬಡಿತಕ್ಕೆ ಮುಟ್ಟಿಸಿದನೆಂಬ ವೀಡಿಯೊ ಮಾರ್ಚ್ ತಿಂಗಳಲ್ಲಿ ಹೊರಬಿದ್ದಾಗ, ಅದರ ಕೆಳಗೆ ಮೊದಲ ಮಾತು ಬರೆದವಳು ಯಾಸ್ಮಿನ. ‘ಖೋಟಾ. ಒಂಬೈನೂರೂ ಇಲ್ಲ, ನೈಟ್ರೋಜನ್ನೂ ಇಲ್ಲ. ಚಹಾದ ಹಬೆ ಇರಬೇಕು.’ ಇಷ್ಟು ಬರೆದು ಮೊಬೈಲನ್ನು ಬೋರಲು ಹಾಕಿ, ಎದುರಿಗಿದ್ದ ಲ್ಯಾಪ್‌ಟಾಪಿನ ಬೋರ್ಡಿಗೆ ಬೆಸುಗೆ ಹಾಕತೊಡಗಿದಳು.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ತಂದೆ ಸುಭಾನಸಾಬ ಬದುಕಿರುವ ತನಕ ಅಲ್ಲಿ ಗಡಿಯಾರ ರಿಪೇರಿ ನಡೆಯುತ್ತಿತ್ತು. ಈಗ ಅದೇ ಮೇಜು, ಕಣ್ಣಿಗೆ ಸಿಕ್ಕಿಸುವ ಅದೇ ಭೂತಗನ್ನಡಿ. ಬಿಚ್ಚಿ ಹರವಿದ್ದು ಮಾತ್ರ ಕಂಪ್ಯೂಟರು. ಯಾಸ್ಮಿನಳಿಗೆ ಗಿರಾಕಿಗಳ ಮಾತಿನ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ‘ನೀರು ಬಿದ್ದಿಲ್ರಿ’ ಎಂದು ಆಣೆ ಹಾಕುವವನ ಮುಂದೆ ಬೋರ್ಡು ತಿರುವಿ, ಮೂಲೆಯ ಹಸಿರು ಕಿಲುಬು ತೋರಿಸುವಳು. ಮೂವತ್ತೊಂದು ವರ್ಷಕ್ಕೆ ಇದೇ ಅವಳ ಹೆಸರೂ ಆಗಿತ್ತು, ಕೆಟ್ಟ ಹೆಸರೂ ಆಗಿತ್ತು.

ಪ್ರೊಸೆಸರೆಂಬುದು ಕಂಪ್ಯೂಟರಿನ ತಲೆ. ಗಡಿಯಾರದ ಹಾಗೆ ಅದೂ ಬಡಿಯುತ್ತದೆ, ಬಡಿದಷ್ಟು ಸಲ ಕೆಲಸ ಮಾಡುತ್ತದೆ. ಸಿದ್ದಲಿಂಗನ ಕೈಯಲ್ಲಿದ್ದದ್ದು ಸೆಕೆಂಡಿಗೆ ನಾಲ್ಕುನೂರು ಕೋಟಿ ಬಡಿತಕ್ಕೆಂದು ಮಾಡಿದ್ದು. ಹೆಚ್ಚು ಬಡಿಸಿದರೆ ಕಾಯುತ್ತದೆ, ಕಾದರೆ ಸಾಯುತ್ತದೆ. ನೀರು ಹರಿಸಿ ತಂಪು ಮಾಡಿದರೆ ಐದುನೂರರವರೆಗೆ ಎಳೆಯಬಹುದು. ಅದರಾಚೆ ಹೋಗಬೇಕಾದರೆ ಕೊರೆಯುವ ದ್ರವ ನೈಟ್ರೋಜನ್ನನ್ನೇ ಅದರ ನೆತ್ತಿಗೆ ಹೊಯ್ಯಬೇಕು. ಜಗತ್ತಿನಲ್ಲಿ ಒಂಬೈನೂರು ದಾಟಿಸಿದವರು ಬೆರಳೆಣಿಕೆಯ ಮಂದಿ. ಅವರ ಸಾಲಿಗೆ ನರಗುಂದದ ಕಂಪ್ಯೂಟರ್ ಕ್ಲಾಸಿನ ಮಾಸ್ತರ, ಹುಡುಗರು ಕೀಲಿಮಣೆ ಒತ್ತಿ ಸವೆಸಿದ ಮೇಜಿನ ಮೇಲೆ!

ವಾರ ಕಳೆದು ಸಿದ್ದಲಿಂಗ ತಾನೇ ಬಂದ. ಡಿಪ್ಲೊಮಾ ಓದುವಾಗ ಇಬ್ಬರೂ ಒಂದೇ ವರ್ಗದವರು.

“ಏನ ಯಾಸ್ಮಿನ, ಚಹಾದ ಹಬಿ ಅಂತ ಬರದೀಯಲ್ಲ? ಬಿಡು, ನೀ ದೇವರಿಗೂ ಮೀಟರ್ ಹಚ್ಚಿ ನೋಡಾಕಿ.”

“ಮುಳ್ಳು ಅಳ್ಳಾಡಿದ್ರ ನಂಬತೇನಿ.”

“ಮುಳ್ಳಲ್ಲ, ಮಂದೀನ ತಂದೇನಿ. ತಗೋ, ಐದು ಮಂದಿ ಸಹಿ. ಪಂಚನಾಮಿ.”

ಯಾಸ್ಮಿನಳಿಗೆ ನಗು ತಡೆಯಲಾಗಲಿಲ್ಲ. “ಯಾರದರ ಕೊಲಿ ಆಗೇತೇನು?”

“ಆಗೇತಿ. ನಿನ್ನ ಸಂಶೇದ್ದು.”

ಅವನದು ಹಾಸ್ಯವಲ್ಲ. ಆ ಸೀಮೆಯಲ್ಲಿ ಹೊಳೆ ಬಂದು ಗೋಡೆ ಬಿದ್ದರೂ, ಸಿಡಿಲು ಬಡಿದು ಎತ್ತು ಸತ್ತರೂ ಪಂಚನಾಮೆ ಆಗಬೇಕು. ಆಗದಿದ್ದರೆ ಗೋಡೆ ಬಿದ್ದೇ ಇಲ್ಲ, ಎತ್ತು ಸತ್ತೇ ಇಲ್ಲ. ಹೊರಗಿನ ಜಗತ್ತು ಇಂಥ ದಾಖಲೆಗೆ ಅಳತೆಯ ಕಡತ ಕೇಳುತ್ತದೆ. ಸಿದ್ದಲಿಂಗ ಅದರ ಬದಲು ಮನೆಯ ಮಗ್ಗುಲಿನ ಮುತ್ತಣ್ಣನನ್ನು ಕರೆದಿದ್ದ. ಮುತ್ತಣ್ಣ ಮೂವತ್ತು ವರ್ಷ ಠಾಣೆಯಲ್ಲಿ ಪಂಚನಾಮೆ ಬರೆದು ನಿವೃತ್ತನಾದ ಹವಾಲ್ದಾರ. ಯಾಸ್ಮಿನ ಕಾಗದದ ತಲೆಬರಹ ಓದಿದಳು, ಕೊನೆಯ ಅಂಕಿ ನೋಡಿದಳು. ಮಡಚಿ ಡ್ರಾವರಿಗೆ ಹಾಕಿ ಮರೆತಳು.

ಜುಲೈ ತಿಂಗಳ ಒಂದು ಸಂತೆಯ ದಿನ, ಮುಂಜಾನೆ ಹನ್ನೊಂದರ ಹೊತ್ತಿಗೆ ಡಾಕ್ಟರ್ ಪ್ರಭುಲಿಂಗಪ್ಪ ಅಂಗಡಿಯ ಮೆಟ್ಟಿಲು ಹತ್ತಿದರು. ಖಾಸಗಿ ಹಾಲಿನ ಕಂಪನಿಯೊಂದು ರೋಣದಲ್ಲಿ ನಡೆಸುತ್ತಿದ್ದ ದನದ ಕೇಂದ್ರಕ್ಕೆ ಅವರೇ ಮೇಲಿನವರು. ಯಾಸ್ಮಿನಳ ತಮ್ಮ ಇಲಿಯಾಸ ಅವರ ಕೈಕೆಳಗೆ ಐದು ವರ್ಷದಿಂದ ಎಮ್ಮೆ-ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸದಲ್ಲಿದ್ದ. ಕೇಂದ್ರದ ದೊಡ್ಡ ಕ್ಯಾನಿನಿಂದ ತುಂಬಿಕೊಂಡ ಸಣ್ಣ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಹೊಳೆಮಣ್ಣೂರ, ಬೆಳವಣಕಿ ಎಂದು ತಿರುಗುವನು. ಕ್ಯಾನಿನ ನೈಟ್ರೋಜನ್ನಿನಲ್ಲಿ ಹೋರಿ-ಕೋಣಗಳ ವೀರ್ಯ ತುಂಬಿದ ಕಡ್ಡಿಗಳು. ಒಂದು ಕಡ್ಡಿ ಒಂದು ಎಮ್ಮೆಗೆ. ನೈಟ್ರೋಜನ್ನಿನ ಕೊರೆತ ತಪ್ಪಿದರೆ ಕಡ್ಡಿಯೊಳಗಿನ ಜೀವ ಸತ್ತಂತೆ.

“ಕೂಡ್ರಿ ಸಾಹೇಬ್ರ. ಇಲಿಯಾಸ ಏನರ…”

“ಇಲಿಯಾಸಂದ ಮಾತು, ಆದ್ರ ನಿಮ್ಮ ಕೈಯಾಗ ಐತಿ,” ಎಂದು ಡಾಕ್ಟರು ಮೊಬೈಲು ತೆಗೆದು ಸಿದ್ದಲಿಂಗನ ವೀಡಿಯೊ ಹಚ್ಚಿದರು. “ಮೂರು ತಿಂಗಳಾತು, ಹಾಕಿದ್ದು ಒಂದೂ ನಿಲ್ಲವಲ್ಲದು. ನೂರು ಎಮ್ಮಿಗೆ ನಲವತ್ತು ಗಬ್ಬ ಆಗಬೇಕು, ನಾಲ್ಕೂ ಆಗಿಲ್ಲ. ಮ್ಯಾಲಿಂದ ಪತ್ರ ಬಂದೈತಿ. ಯಾವನೋ ಪುಣ್ಯಾತ್ಮ ಈ ವೀಡಿಯೊನೂ ಅವರಿಗೆ ಕಳಿಸ್ಯಾನ. ಈ ಬಿಳೇ ಹೊಗಿ ನಮ್ಮ ಕ್ಯಾನಿಂದೇನು ಅಂತ ಕೇಳ್ಯಾರ.”

“ಹೊಗಿ?”

“ನೀವ ಬರದೀರಲ್ಲ, ನೈಟ್ರೋಜನ್ ಇಲ್ಲ, ಖೋಟಾ ಅಂತ. ನಿಮ್ಮ ಮಾತಿಗೆ ಕಿಮ್ಮತ್ತೈತಿ. ಅದನ್ನ ಒಂದು ಕಾಗದದ ಮ್ಯಾಲ ಬರಕೊಡ್ರಿ. ಮುಂದಿನ ತಿಂಗಳ ಇಲಿಯಾಸನ ನೌಕರಿ ಕಾಯಂ ಆಗೂದೈತಿ. ಆ ಹುಡುಗನ ಬಾಯಾಗ ಮಣ್ಣು ಬೀಳೋದು ಬ್ಯಾಡ.”

ಯಾಸ್ಮಿನ ಸಂಜೆ ಬರಲು ಹೇಳಿದಳು. “ನಾಲ್ಕಕ್ಕ ಬರ್ತೇನಿ,” ಎಂದರು ಡಾಕ್ಟರು ಮೆಟ್ಟಿಲಿಳಿಯುತ್ತ. “ಒಂದ ಸಾಲು ಸಾಕ್ರಿ. ಪುರಾಣ ಬ್ಯಾಡ.”

ಆ ಸಾಲು ಬರೆಯುವುದು ಅವಳಿಗೆ ಕಷ್ಟದ್ದೇನಾಗಿರಲಿಲ್ಲ. ಅವಳು ನಂಬಿದ್ದೂ ಅದನ್ನೇ. ಆದರೆ ಬರೆಯುವುದಾದರೆ ಆಧಾರ ಸಮೇತ ಬರೆಯಬೇಕೆಂದು ಡ್ರಾವರು ಜಗ್ಗಿ ಪಂಚನಾಮೆ ತೆಗೆದಳು. ನಾಲ್ಕು ತಿಂಗಳ ಮೇಲೆ, ಮೊದಲ ಸಲ, ಅಕ್ಷರ ಬಿಡದೆ ಓದಿದಳು.

‘ಈ ದಿವಸ ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ಕೆಳಗೆ ಸಹಿ ಮಾಡಿದ ಪಂಚರಾದ ನಾವು, ಸಿದ್ದಲಿಂಗ ಎಂಬುವರು ಕರೆದ ಮೇರೆಗೆ ಹಾಜರಾಗಿ ನೋಡಲಾಗಿ, ಸದರಿ ಕೋಣೆಯ ಉತ್ತರ ದಿಕ್ಕಿಗೆ ಒಂದು ಮೇಜು ಇದ್ದು, ಸದರಿ ಮೇಜಿನ ಮೇಲೆ ಹೊದಿಕೆ ಇಲ್ಲದ ಒಂದು ಕಂಪ್ಯೂಟರ್ ಚಾಲೂ ಇರುತ್ತದೆ. ಮೇಜಿನ ಕೆಳಗೆ “ರೋಣ-3” ಎಂದು ಕೆಂಪು ಬಣ್ಣದಲ್ಲಿ ಬರೆದ, ಮುಚ್ಚಳಕ್ಕೆ ಸರಪಳಿ ಇರುವ ಒಂದು ಅಲ್ಯೂಮಿನಿಯಂ ಕ್ಯಾನು ಇರುತ್ತದೆ. ಸದರಿ ಕ್ಯಾನಿನಿಂದ ನೀರಿನಂತೆ ಕಾಣುವ, ಹೊಗೆಯಾಡುವ ದ್ರವ ಪದಾರ್ಥವನ್ನು ಸ್ಟೀಲಿನ ಚರಿಗೆಯಿಂದ ಒಟ್ಟು ಹದಿನಾಲ್ಕು ಸಲ ಹೊಯ್ದಿದ್ದು, ಚರಿಗೆಯ ಹೊರಮೈಗೆ ಮಂಜು ಹಿಡಿದಿರುತ್ತದೆ. ನನ್ನ ಕೈಗಡಿಯಾರದಂತೆ 3 ಗಂಟೆ 22 ನಿಮಿಷಕ್ಕೆ ಪರದೆಯ ಮೇಲೆ 930 ಕೋಟಿಯ ಅಂಕಿ ಮೂಡಿದ್ದನ್ನು ನಾವೆಲ್ಲರೂ ಕಣ್ಣಾರೆ ಕಂಡಿರುತ್ತೇವೆ.’

ಮುತ್ತಣ್ಣನಿಗೆ ಪ್ರೊಸೆಸರೆಂದರೇನೆಂದು ತಿಳಿದಿರಲಿಕ್ಕಿಲ್ಲ. ಕಂಡದ್ದನ್ನು ಬಿಡದೆ ಬರೆಯುವುದು ಮಾತ್ರ ತಿಳಿದಿತ್ತು.

ಅವಳು ವೀಡಿಯೊ ಹಚ್ಚಿದಳು. ನಡುವೆ ಕತ್ತರಿಸಿದ ವೀಡಿಯೊ ಅದು. ಮೊದಲ ದೃಶ್ಯದಲ್ಲಿ ಪರದೆಯ ಮೂಲೆಯ ಗಡಿಯಾರ ಮೂರು ಹತ್ತು. ಅಂಕಿ ಮೂಡಿದ ದೃಶ್ಯದಲ್ಲಿ ಮೂರು ಹದಿನೆಂಟು. ಮುತ್ತಣ್ಣನ ಕೈಯಲ್ಲಿ ಹನ್ನೆರಡು ನಿಮಿಷ ಕಳೆದಾಗ ಕಂಪ್ಯೂಟರಿನೊಳಗೆ ಕಳೆದದ್ದು ಎಂಟೇ ನಿಮಿಷ.

‘ಗಡಿಯಾರ ನಿಂತ್ರ ಎಲ್ಲಾರಿಗೂ ಗೊತ್ತಾಗತೈತಿ, ನಿಧಾನ ಆದ್ರ ಧಣಿಗೂ ಗೊತ್ತಾಗಂಗಿಲ್ಲ’ ಎಂದು ಅವಳ ಅಪ್ಪ ಸುಭಾನಸಾಬ ಅನ್ನುತ್ತಿದ್ದ. ಬಡಿತ ಏರಿಸುವಾಗ ಸಿದ್ದಲಿಂಗ ಕಂಪ್ಯೂಟರಿನ ಸಮಯವನ್ನೇ ಜಗ್ಗಿ ಉದ್ದ ಮಾಡಿದ್ದ, ಬಹುಶಃ ತನಗೂ ಅರಿವಿಲ್ಲದೆ. ಅದರ ಒಂದು ಸೆಕೆಂಡು ಹೊರಗಿನ ಒಂದೂವರೆ ಸೆಕೆಂಡಾಗಿತ್ತು. ಒಂದೂವರೆ ಸೆಕೆಂಡಿನ ಬಡಿತವನ್ನೆಲ್ಲ ಅದು ಒಂದು ಸೆಕೆಂಡಿಗೆಂದು ಎಣಿಸಿ ಒಂಬೈನೂರ ಮೂವತ್ತು ಎಂದಿತ್ತು. ಸುಳ್ಳು. ಯಾಸ್ಮಿನಳಿಗೆ ಒಂದು ಕ್ಷಣ ಹಳೆಯ ಖುಷಿ ಮೈದುಂಬಿತು. ನಾನಂದದ್ದೇ ಸರಿ.

ಹಾಗಾದರೆ ಖರೇ ಎಷ್ಟು? ಒಂದೂವರೆಯಿಂದ ಭಾಗಿಸಿದಳು. ಆರುನೂರ ಇಪ್ಪತ್ತು ಕೋಟಿ.

ಖುಷಿ ಅಲ್ಲಿಗೇ ಇಂಗಿತು. ನೀರಿನ ತಂಪಿಗೆ ಐದುನೂರು ದಾಟದ ಆ ಪ್ರೊಸೆಸರು ಆರುನೂರ ಇಪ್ಪತ್ತಕ್ಕೆ ಚಹಾದ ಹಬೆಯಲ್ಲಿ ಹೋಗುವುದಿಲ್ಲ. ನೈಟ್ರೋಜನ್ ಖರೇ. ಹದಿನಾಲ್ಕು ಚರಿಗೆ ಖರೇ. ರೋಣ-3 ಖರೇ. ಸಂಶಯಪಟ್ಟವಳು ತಾನು, ಆದರೆ ಸಂಶಯಪಡುವುದರಲ್ಲೇ ತೃಪ್ತಿಪಟ್ಟು, ಓದಿರಲಿಲ್ಲ.

ಸಂತೆಯ ದಿನ ಇಲಿಯಾಸ ಅಕ್ಕನ ಅಂಗಡಿಯಲ್ಲೇ ಉಣ್ಣುವುದು ರೂಢಿ. ಒಂದೂವರೆಗೆ ಬಂದವನು ರೊಟ್ಟಿಯ ಗಂಟು ಬಿಚ್ಚುವ ಮೊದಲೇ ಮೇಜಿನ ಮೇಲಿದ್ದ ಕಾಗದ ಕಂಡ. ಇಪ್ಪತ್ತೇಳರ ಹುಡುಗ, ಮುಖದಲ್ಲಿ ಏನನ್ನೂ ಬಚ್ಚಿಡಲು ಬಾರದವನು.

“ಎಷ್ಟು ಕೊಟ್ಟಿ?” ಎಂದಳು ಯಾಸ್ಮಿನ.

ಅವನು ಕೈ ತೊಳೆಯದೆ ಕೂತ. “ಹತ್ತು ಲೀಟರ್ ಆಗಿರಬೇಕು ಆಪಾ. ಮರುದಿನ ನೈಟ್ರೋಜನ್ ಗಾಡಿ ಬರೂದಿತ್ತು. ಬಂದ್ರ ತುಂಬಿಸಿಬಿಡತಿದ್ದೆ, ಯಾರಿಗೂ ತಿಳೀತಿದ್ದಿಲ್ಲ.”

“ಬರಲಿಲ್ಲ.”

“ಆರು ದಿನ ಬರಲಿಲ್ಲ. ಅಳತಿ ಪಟ್ಟಿ ಇಳಿಬಿಟ್ಟು ನೋಡಿದ್ರ ಒಣಾಗಿ ಬಂತು, ತುದಿಗೆ ಒಂದು ಮಂಜಿನ ಗೆರಿ ಸೈತ ಇಲ್ಲ. ಗಾಡಿ ಬಂದ ಮ್ಯಾಲ ತುಂಬಿದೆ. ಕಡ್ಡಿ ನೋಡಿದ್ರ ಹ್ಯಾಂಗಿದ್ವೋ ಹಾಂಗ ಅದಾವ. ಸತ್ತಿದ್ದು ಕಣ್ಣಿಗೆ ಕಾಣಂಗಿಲ್ಲ ಆಪಾ.”

“ಮತ್ತ ಅವನ್ನ ಹಾಕ್ಕೋತ ಬಂದಿ.”

“ಒಂದಿಷ್ಟರ ಬದುಕಿದ್ದಾವು ಅನಕೊಂಡೆ.”

“ಮೂರು ತಿಂಗಳು ಅನಕೊಂಡಿ.”

ಇಲಿಯಾಸ ರೊಟ್ಟಿ ಮುರಿದು, ಮುರಿದ ತುಂಡನ್ನು ಮತ್ತೆ ಮುರಿದ. “ಸಿದ್ದಲಿಂಗ ಅಣ್ಣ ನನಗ ಅಂದ, ದಾಖಲೆಯಾಗ ನಿನ್ನ ಹೆಸರೂ ಬರತೈತಿ ಅಂತ. ನೀ ಯಾವಾಗಲೂ ಎಲ್ಲಾದಕ್ಕೂ ಸುಳ್ಳ ಸುಳ್ಳ ಅಂತೀ. ಒಮ್ಮೆರ ಖರೇ ಆದದ್ದು ಒಂದು ನೋಡಬೇಕನಿಸ್ತು.”

“ಅದೂ ಸುಳ್ಳ ಇತ್ತು. ಒಂಬೈನೂರಲ್ಲ, ಆರುನೂರ ಇಪ್ಪತ್ತು.”

ಅವನಿಗೆ ಅದು ತಾಗಿತು. ಸತ್ತ ಕಡ್ಡಿಗಳ ಮಾತಿಗಿಂತ ಹೆಚ್ಚು ತಾಗಿದಂತೆ ಕಂಡಿತು. ರೊಟ್ಟಿಯ ತುಂಡು ಬದಿಗಿಟ್ಟು ಕೇಳಿದ: “ಡಾಕ್ಟರಿಗೆ ಏನಂತ ಬರೀತಿ?”

“ಇನ್ನೂ ಎಷ್ಟು ಕಡ್ಡಿ ಅದಾವ ಆ ಕ್ಯಾನಿನ್ಯಾಗ?”

“ನಾಲ್ಕುನೂರ ಚಿಲ್ಲರ.”

“ಅಂದ್ರ ಇನ್ನ ನಾಲ್ಕುನೂರ ಎಮ್ಮಿ.”

“ಆಪಾ,” ಎಂದ ಇಲಿಯಾಸ, ದನಿ ತಗ್ಗಿಸಿ. “ಸಿದ್ದಲಿಂಗನ ಹೆಸರು ಬಂದ್ರ ಮಂದಿ ನಕ್ಕು ಬಿಡ್ತಾರ. ಇದು ದನದ ಮಾತು. ನನ್ನ ಹೆಸರು ಇಲಿಯಾಸ. ಬೇಕಂತ ಮಾಡ್ಯಾನ ಅಂತಾರ. ನೌಕರಿ ಅಷ್ಟ ಹೋಗಂಗಿಲ್ಲ.”

ಅವನು ಹೇಳಿದ್ದರಲ್ಲಿ ಯಾಸ್ಮಿನ ಅಳೆದು ನೋಡಿ ತಳ್ಳಿಹಾಕಬಹುದಾದದ್ದು ಏನೂ ಇರಲಿಲ್ಲ. ಇಲಿಯಾಸ ಉಣ್ಣದೆ ಎದ್ದು ಹೋದ.

ಮಧ್ಯಾಹ್ನವಿಡೀ ಅವಳು ಒಂದೂ ಬೋರ್ಡು ಮುಟ್ಟಲಿಲ್ಲ. ‘ಒಂಬೈನೂರ ಮೂವತ್ತು ಕೋಟಿ ಎಂಬ ದಾಖಲೆ ಸುಳ್ಳು’ — ಇಷ್ಟೇ ಬರೆದರೆ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಓದಿದವರು ನೈಟ್ರೋಜನ್ನೂ ಇಲ್ಲವೆಂದುಕೊಂಡರೆ ಅದು ಓದಿದವರ ತಪ್ಪು. ತಮ್ಮ ಉಳಿಯುತ್ತಾನೆ. ಕ್ಯಾನೂ ಉಳಿಯುತ್ತದೆ. ಇಷ್ಟು ವರ್ಷ ಅವಳು ಗಿರಾಕಿಗಳಲ್ಲಿ ಹಿಡಿಯುತ್ತ ಬಂದದ್ದು ಇಂಥ ಮಾತನ್ನೇ: ‘ನೀರು ಬಿದ್ದಿಲ್ರಿ’ ಎನ್ನುವರು, ಬಿದ್ದದ್ದು ಮಜ್ಜಿಗೆಯಾಗಿರುತ್ತಿತ್ತು.

ಕೊನೆಗೆ, ನೆತ್ತಿಯಲ್ಲಿ ಅಂಗಡಿಯ ಹೆಸರು, ನಂಬರು, ಮೊಹರಿನ ಶಿಕ್ಕಾ ಇದ್ದ ಹಾಳೆಯ ಮೇಲೆ ಬರೆದಳು. ಮೊದಲು ಆ ಸಾಲು. ಅದರ ಕೆಳಗೆ ಹನ್ನೆರಡು ನಿಮಿಷ, ಎಂಟು ನಿಮಿಷ, ಆರುನೂರ ಇಪ್ಪತ್ತು. ಅದರ ಕೆಳಗೆ, ಇಷ್ಟು ಬಡಿತಕ್ಕೆ ದ್ರವ ನೈಟ್ರೋಜನ್ ಬೇಕೇ ಬೇಕು ಎಂದು. ಎಲ್ಲಕ್ಕೂ ಕೆಳಗೆ: ‘ರೋಣ-3 ಕ್ಯಾನಿನ ಕಡ್ಡಿಗಳನ್ನು ಪರೀಕ್ಷಿಸದೆ ಬಳಸಬಾರದು.’ ತಮ್ಮನ ಹೆಸರು ಬರೆಯಲಿಲ್ಲ. ಬರೆಯದಿದ್ದರೂ ಅದು ಅಲ್ಲಿತ್ತು.

ಡಾಕ್ಟರು ನಾಲ್ಕಕ್ಕೆ ಸರಿಯಾಗಿ ಬಂದರು. ನಿಂತೇ ಓದಿದರು. ಮೊದಲ ಸಾಲಿಗೆ ತಲೆಯಾಡಿಸಿದರು. ಮುಂದೆ ಓದುತ್ತ ಹೋದಂತೆ ಕಿವಿಯ ಬುಡ ಕೆಂಪಾಯಿತು.

“ಪುರಾಣ ಬ್ಯಾಡ ಅಂದಿದ್ದೆ.”

“ಕ್ಯಾನ್ ಬಂದ್ ಮಾಡ್ರಿ ಸಾಹೇಬ್ರ. ಅಷ್ಟ ಕೇಳತೇನಿ. ಇಲಿಯಾಸಂದು ನೀವ ಏನರ ಮಾಡ್ರಿ.”

“ಏನಂತ ಹೇಳಿ ಬಂದ್ ಮಾಡ್ಲಿ? ವಾರವಾರ ಅಳತಿ ಪುಸ್ತಕದಾಗ ‘ಕ್ಯಾನ್ ಭರ್ತಿ ಐತಿ’ ಅಂತ ಸಹಿ ಹಾಕಿದಾವ ನಾನು. ಅಳತಿ ಪಟ್ಟಿ ಒಮ್ಮೆನೂ ಮುಟ್ಟಿಲ್ಲ. ಯಾವನೂ ಮುಟ್ಟಂಗಿಲ್ಲ.” ಅವರು ಹಾಳೆಯನ್ನು ಮೊದಲ ಸಾಲಿನ ಕೆಳಗೆ ಮಡಚಿದರು, ಮಡಿಕೆಯ ಗುಂಟ ಉಗುರೆಳೆದರು, ನೀಟಾಗಿ ಹರಿದರು. ಮೇಲಿನ ತುಂಡು ಜೇಬಿಗೆ ಹೋಯಿತು. “ನಿಮ್ಮ ಶಿಕ್ಕಾ ಐತಿ, ನಂಬರ್ ಐತಿ. ನಡೀತೈತಿ.”

“ನಾ ಕಂಪನಿಗೆ ಬ್ಯಾರೆ ಕಳಸತೇನಿ.”

“ಕಳಸ್ರಿ. ಇದರ ಬಗ್ಗೆ ನಿನ್ನ ಅಭಿಪ್ರಾಯ ತಿಳಿಸು ಅಂತ ಅವರು ನನಗ ಕಳಸತಾರ.” ಹೊರಗೆ ಕಾಲಿಡುತ್ತ ತಿರುಗಿ, ಬೈಯುವ ದನಿಯಲ್ಲಲ್ಲ, ನೊಂದವರ ದನಿಯಲ್ಲಿ ಅಂದರು: “ಒಡಹುಟ್ಟಿದಾವ ಅಲ್ಲೇನವಾ?”

ಕೆಳಗಿನ ತುಂಡು ಮೇಜಿನ ಮೇಲೆ ಉಳಿಯಿತು. ಅದನ್ನು ಏನು ಮಾಡಬೇಕೆಂದು ಅವಳು ನೋಡುತ್ತ ಕೂತಿರುವಾಗಲೇ ಬಾಗಿಲಲ್ಲಿ ಒಬ್ಬ ಮುದುಕಿ ನಿಂತು, “ಇದು ಇಲಿಯಾಸನ ಅಕ್ಕನ ಅಂಗಡಿ ಹೌದಿಲ್ಲೋ?” ಎಂದು ಕೇಳಿದಳು. ಹೆಗಲ ಮೇಲೆ ಹೊಸದಾಗಿ ಬಿಚ್ಚಿದ ಕಣ್ಣಿಹಗ್ಗ. ಹೊಳೆಮಣ್ಣೂರಿನ ಕಲ್ಲವ್ವ ಎಂದು ಹೇಳಿಕೊಂಡಳು. ನೀರು ಕುಡಿದಳು. ಅಪ್ಪಣೆಗೆ ಕಾಯದೆ ಕಟ್ಟೆಯ ಮೇಲೆ ಕೂತಳು.

“ಎಮ್ಮಿ ಕೊಟ್ಟು ಬಂದೆ ತಂಗಿ. ಮೂರು ಸರ್ತಿ ಹಾಕಿಸಿದೆ, ಮೂರು ಸರ್ತಿನೂ ಮತ್ತ ಬೆದಿಗಿ ಬಂತು. ಗೊಡ್ಡು ಬಿತ್ತು. ಗೊಡ್ಡೆಮ್ಮಿ ಯಾರು ಸಾಕಾಕ ತಗೋತಾರ? ಲಾರಿಯಾವನ ತಗೊಂಡ. ಹಲಿಗಿ ಮ್ಯಾಲ ಹತ್ತಲಾರೆ ಅಂತ ನಿಂತಿತ್ತು, ಬಾಲ ತಿರುವಿ ಹತ್ತಿಸಿದ್ರು. ಹಗ್ಗ ನಮ್ಮ ಮನೀದು, ಕೊಡಬಾರದು, ಬಿಚ್ಚಿಕೊಂಡು ಬಂದೆ.”

“ಎಮ್ಮಿ ಗೊಡ್ಡಂತ ಯಾರು ಅಂದ್ರು ನಿಮಗ?”

“ಯಾರನ್ನಬೇಕು? ಇಲಿಯಾಸನ ಕೈಗುಣ ನಮ್ಮೂರಾಗ ಯಾರಿಗೆ ಗೊತ್ತಿಲ್ಲ? ಐದು ವರ್ಷ ಆತು, ಅಂವ ಹಾಕಿದ್ದು ಒಂದ ಸರ್ತಿಗೆ ನಿಲ್ಲತಿತ್ತು. ಅವನ ಕೈ ಸುಳ್ಳಾಗಂಗಿಲ್ಲವಾ. ನನ್ನ ಎಮ್ಮೀನ ಸುಳ್ಳು.” ಕಲ್ಲವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಅದರ ಮಗಳು ಮಣಕ ಒಂದೈತಿ. ನಿನ್ನಿ ಸಂಜಿ ಒದರಾಕ ಹತ್ತೈತಿ. ನಾಳಿ ಬಂದು ಹಾಕಿ ಹೋಗು ಅಂತ ತಮ್ಮಗ ಹೇಳವಾ. ಫೋನ್ ಹಚ್ಚಿದ್ರ ಎತ್ತವಲ್ಲ.”

ಮೂರು ತಿಂಗಳು ಒಬ್ಬರೂ ಯಾಕೆ ದೂರು ಕೊಡಲಿಲ್ಲವೆಂಬುದು ಯಾಸ್ಮಿನಳಿಗೆ ಆಗ ತಿಳಿಯಿತು. ಹೊಳೆಮಣ್ಣೂರಿನಲ್ಲಿ, ಬೆಳವಣಕಿಯಲ್ಲಿ ಜನ ತಮ್ಮ ತಮ್ಮ ಎಮ್ಮೆಗಳನ್ನೇ ದೂರಿ, ಒಂದೊಂದಾಗಿ ಲಾರಿ ಹತ್ತಿಸುತ್ತಿದ್ದರು.

“ಹಾಕಿಸಬ್ಯಾಡ್ರಿ,” ಎಂದಳು.

“ಏನು?”

“ಮಣಕಕ್ಕ ಹಾಕಿಸಬ್ಯಾಡ್ರಿ. ಕಡ್ಡಿ ಸತ್ತಾವ. ಕ್ಯಾನ್ ಒಣಗಿತ್ತು. ನಿಮ್ಮ ಎಮ್ಮಿ ಗೊಡ್ಡಲ್ಲ ಯವ್ವಾ, ಅದಕ್ಕ ಹಾಕಿದ್ದ ಖಾಲಿ.”

ಕಲ್ಲವ್ವನಿಗೆ ಸಿಟ್ಟು ಬರಬಹುದು, ಅಳು ಬರಬಹುದು ಎಂದು ಯಾಸ್ಮಿನ ಕಾದಿದ್ದಳು. ಬಂದದ್ದು ಮರುಕ.

“ತಮ್ಮನ ಮ್ಯಾಲ ನೀನ ಹಿಂಗ ಅಂತೀಯಲ್ಲ ತಂಗಿ. ಆಸ್ತಿ ಜಗಳೇನರ ಐತೇನು?”

“ಇಲ್ಲ. ಬರದದ್ದೈತಿ ನೋಡ್ರಿ,” ಎಂದು ಯಾಸ್ಮಿನ ಹರಿದ ತುಂಡನ್ನೂ ಪಂಚನಾಮೆಯನ್ನೂ ಚಾಚಿದಳು. “ಐದು ಮಂದಿ ಸಹಿ ಮಾಡ್ಯಾರ.”

“ನನಗೇನು ಓದಾಕ ಬರತೈತಿ? ಕಂಪೂಟರಿನ ಕಾಗದ ನನ್ನ ಎಮ್ಮಿ ಹೊಟ್ಟ್ಯಾಗಿಂದು ಹೇಳತೈತೇನು?” ಮುದುಕಿ ಕಾಗದವನ್ನು ಅತ್ತ ಸರಿಸಿದಳು. “ಚಲೋ ಎಮ್ಮಿ ಇದ್ರ ನಾ ಲಾರಿ ಹತ್ತಸತಿದ್ನೇನು? ನಾ ಹತ್ತಸತಿದ್ನೇನು ಹೇಳು!”

ನಂಬದಿರಲು ಕಲ್ಲವ್ವನಿಗೆ ಯಾಸ್ಮಿನಳಿಗಿಂತ ದೊಡ್ಡ ಕಾರಣವಿತ್ತು.

ಅಷ್ಟರಲ್ಲಿ ಇಲಿಯಾಸನ ಬೈಕು ಬಂದು ನಿಂತಿತು. ಡಾಕ್ಟರು ಸಿಕ್ಕಿರಬೇಕು, ಮುಖದ ಬಿಗಿ ಸಡಿಲಿತ್ತು. ಕಲ್ಲವ್ವನನ್ನು ಕಂಡು ಒಳಗೆ ಬರಲಾರದೆ ಹೊಸ್ತಿಲಲ್ಲೇ ನಿಂತ.

“ಬಾರೋ ಯಪ್ಪಾ, ನೀನ ಹೇಳು,” ಎಂದಳು ಮುದುಕಿ. “ನಿಮ್ಮಕ್ಕ ಕಡ್ಡಿ ಸತ್ತಾವ ಅಂತಾಳ. ನನ್ನ ಎಮ್ಮಿ ಗೊಡ್ಡಿದ್ದಿಲ್ಲಂತ. ಖರೇ ಏನು?”

ಇಲಿಯಾಸ ಹಗ್ಗ ನೋಡಿದ. ಎಮ್ಮೆ ಎಲ್ಲಿ ಎಂದು ಕೇಳಲಿಲ್ಲ. ಆಮೇಲೆ ಅಕ್ಕನನ್ನು ನೋಡಿದ. ಅವಳು ರೆಪ್ಪೆ ಬಡಿಯದೆ ಕಾದಳು. ಖರೇ ಎಂದು ಅವನು ಒಂದು ಮಾತು ಅಂದರೆ ಸಾಕಿತ್ತು. ಅವನೊಬ್ಬ ಅಂದರೆ ಮುದುಕಿ ನಂಬುತ್ತಿದ್ದಳು.

“ಆಪಾಗ ಯಾವುದರ ಮ್ಯಾಲೂ ನಂಬಿಕಿ ಇಲ್ಲ ಯವ್ವಾ,” ಎಂದ. “ಸಣ್ಣಾಕಿ ಇದ್ದಾಗಿಂದ ಹಂಗ.”

“ನಾ ಅದನ್ನ ಅಂದೆ,” ಎಂದಳು ಕಲ್ಲವ್ವ. ಅವಳು ಕಟ್ಟೆ ಬಿಟ್ಟು ಎದ್ದಳು. “ಹಂಗಾರ ನಾಳಿ?”

“ನಾಳಿ ಏಳಕ್ಕ ಬರ್ತೇನಿ.”

“ಇಲಿಯಾಸ,” ಎಂದಳು ಯಾಸ್ಮಿನ. ಅವನು ಕೇಳದವನಂತೆ ಮುದುಕಿಯ ರಟ್ಟೆ ಹಿಡಿದು ಮೆಟ್ಟಿಲಿಳಿಸಿದ. ಟೆಂಪೋ ನಿಲ್ಲುವಲ್ಲಿಯವರೆಗೆ ಬಿಟ್ಟು ಬರುತ್ತೇನೆಂದು ಬೈಕಿನ ಹಿಂದೆ ಕೂಡಿಸಿಕೊಂಡ. ಹಗ್ಗದ ತುದಿ ನೆಲಕ್ಕೆ ಜೋತಾಡುತ್ತಿತ್ತು. ಗಾಲಿಗೆ ಸಿಕ್ಕೀತೆಂದು ಅವನೇ ಇಳಿದು, ಅದನ್ನು ಸುತ್ತು ಸುತ್ತಾಗಿ ಮಡಚಿ ಕಲ್ಲವ್ವನ ಮಡಿಲಲ್ಲಿಟ್ಟ.